ಒನಾಮಿಯ ಎಡಗೈ

ಮಾನ್ಯ ಅಧ್ಯಕ್ಷರಾದ ಕುರಾಹಾಶಿ ಅವರೇ, ಸೇತುವೆ ದಾಟಿ ಒಸಾಕಾದಿಂದ ಬಂದಿರುವ ಮುಖ್ಯ ಅತಿಥಿಗಳಾದ ಪ್ರಾಧ್ಯಾಪಕರೇ, ಸನ್ಮಾನದ ಹೊಸ ಮೇಲಂಗಿಯೊಳಗೆ ಕಸಿವಿಸಿಪಡುತ್ತ ಮುಂದಿನ ಸಾಲಿನಲ್ಲಿ ಕುಳಿತಿರುವ ಇವಾಕಿಚಿ ಅವರೇ, ಗಾಲಿಕುರ್ಚಿಯಲ್ಲಿ ಕುಳಿತೂ ನನ್ನ ಬೆನ್ನು ನೆಟ್ಟಗಿದೆಯೇ ಎಂದು ನೋಡುತ್ತಿರುವ ನನ್ನ ಗುರುಗಳಾದ ಹಿಸಾನೊ ಅಮ್ಮನವರೇ, ಈರುಳ್ಳಿ ಕೀಳುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬಂದಿರುವ ನಮ್ಮೂರಿನ ಸಮಸ್ತ ಸಭಿಕರೇ,

ನಾನು ಮಿನೆಕೊ. ಹೆಸರು ಹೇಳಿಕೊಳ್ಳುವುದು ಅಗತ್ಯ. ಏಕೆಂದರೆ ನಿಮ್ಮಲ್ಲಿ ಬಹಳ ಜನ ನನ್ನನ್ನು ಈ ವೇದಿಕೆಯ ಮೇಲೆ ವರ್ಷಗಟ್ಟಲೆ ನೋಡಿದ್ದೀರಿ, ಆದರೆ ನನ್ನ ಮುಖವನ್ನು ಇಲ್ಲಿ ಒಮ್ಮೆಯೂ ನೋಡಿಲ್ಲ. ನಾನು ಗೊಂಬೆಯ ಎಡಗೈಯವಳು, ಅಂದರೆ ಅದರ ಎಡಗೈಯನ್ನು ಮಾತ್ರ ಆಡಿಸುವವಳು. ತಲೆಯಿಂದ ಎದೆಯವರೆಗೆ ಕಪ್ಪು ಮುಸುಕು ಹಾಕಿಕೊಂಡು ನಿಲ್ಲುವವಳು. ಮುಸುಕಿನೊಳಗೆ ಇದ್ದು ಇದ್ದು, ಸಭೆಯ ಎದುರು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದೇ ಮರೆತುಹೋಗಿದೆ. ಇಲ್ಲಿಗೆ ಬಂದಾಗಿನಿಂದ ನಗಬೇಕೋ, ಗಂಭೀರವಾಗಿರಬೇಕೋ ಗೊತ್ತಾಗದೆ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೇನೆ. ದಯವಿಟ್ಟು ಸಹಿಸಿಕೊಳ್ಳಿ.

ಸಮಿತಿಯವರು ನನಗೆ ಕೊಟ್ಟಿರುವ ವಿಷಯ ದೊಡ್ಡದು. ‘ನಮ್ಮೂರಿನ ಗೊಂಬೆ ನಾಟಕದಲ್ಲಿ ಪ್ರೇಮದ ಚಿತ್ರಣ.’ ಇಂಥ ವಿಷಯವನ್ನು ಪ್ರಾಧ್ಯಾಪಕರಿಗೆ ಕೊಡಬೇಕಾಗಿತ್ತು. ಅವರಿಗೆ ‘ದ್ವೀಪದ ಹವಾಮಾನ ಮತ್ತು ಗೊಂಬೆಗಳ ಬಣ್ಣ’ ಎಂಬ ವಿಷಯ ಕೊಟ್ಟು, ನನಗೆ ಪ್ರೇಮ ಕೊಟ್ಟಿದ್ದಾರೆ. ಅದರ ಜೊತೆಗೆ, ಸಭಿಕರೇ, ನಾನು ಇನ್ನೊಂದು ಮಾತಿಗೂ ಉತ್ತರ ಕೊಡಬೇಕಾಗಿದೆ. ಇಂದು ಸಂಜೆ ಇವಾಕಿಚಿ ಅವರು ಕೊನೆಯ ಬಾರಿಗೆ ನಾಯಕ ಕಿಸಾಬುರೊನ ಗೊಂಬೆಯನ್ನು ಆಡಿಸಲಿದ್ದಾರೆ. ನಾಯಕಿ ಒನಾಮಿಯನ್ನು ಇಷ್ಟು ಕಾಲ ಆಡಿಸಿದ ಹಿಸಾನೊ ಅಮ್ಮನವರ ಮಂಡಿಗಳು ಇನ್ನು ನಿಲ್ಲುವುದಿಲ್ಲ ಎನ್ನುತ್ತಿವೆ. ಆದ್ದರಿಂದ ಒನಾಮಿಯ ತಲೆಯನ್ನು ಇಂದು ನಾನೇ ಹಿಡಿಯಬೇಕು, ನನ್ನ ಎಡಗೈಯ ಜಾಗಕ್ಕೆ ನಮ್ಮ ತಂಡದ ಕಿರಿಯಳು ಕಝುಯೊ ಬರಬೇಕು ಎಂದು ಸಮಿತಿ ತೀರ್ಮಾನಿಸಿದೆ. ತಲೆ ಹಿಡಿಯುವವರಿಗೆ ಮುಸುಕಿಲ್ಲ. ರೇಷ್ಮೆ ಉಡುಪು, ತೆರೆದ ಮುಖ, ಚಪ್ಪಾಳೆ. ಇದಕ್ಕಿಂತ ದೊಡ್ಡ ಗೌರವ ನಮ್ಮ ಕೆಲಸದಲ್ಲಿಲ್ಲ. ‘ಒಪ್ಪಿದೆ ಅಂತ ಒಂದು ಮಾತು ಹೇಳಮ್ಮಾ’ ಎಂದು ಅಧ್ಯಕ್ಷರು ನಿನ್ನೆಯಿಂದ ಕೇಳುತ್ತಿದ್ದಾರೆ. ಭಾಷಣದ ಕೊನೆಗೆ ಹೇಳುತ್ತೇನೆ ಎಂದಿದ್ದೇನೆ. ಹೇಳುತ್ತೇನೆ, ಅಧ್ಯಕ್ಷರೇ. ಗಡಿಯಾರ ನೋಡಬೇಡಿ.

ಮೊದಲು ಪ್ರೇಮ.

ನಮ್ಮ ನಾಟಕದ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಮಕ್ಕಳಿಗೂ ಗೊತ್ತು. ಕಿಸಾಬುರೊ ನೀಲಿಬಣ್ಣ ಮಾರುವ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಒಟಾಕಿ ಎಂಬ ಹೆಂಡತಿ. ಒನಾಮಿ ಕಡಲ ನೀರು ಕಾಯಿಸಿ ಉಪ್ಪು ತೆಗೆಯುವವನ ಮಗಳು. ಅಪ್ಪ ಬಂದರಿನ ಚಹಾಮನೆಗೆ, ಗಂಡಸರನ್ನು ರಂಜಿಸುವ ಕೆಲಸಕ್ಕೆ, ಬಿಟ್ಟುಹೋದ ಹುಡುಗಿ. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಲ್ಲಿಗೆ ಮುಗಿಯಿತು. ಹಡಗಿನ ಒಡೆಯನೊಬ್ಬ ಒನಾಮಿಯನ್ನು ದೂರದ ಊರಿಗೆ ಕರೆದೊಯ್ಯುತ್ತೇನೆ ಎನ್ನುತ್ತಾನೆ. ಆಗ ಅವರು ಇಬ್ಬರೂ ಒಟ್ಟಿಗೆ ಸಾಯುವುದೆಂದು ನಿಶ್ಚಯಿಸಿ, ಕೈ ಹಿಡಿದುಕೊಂಡು, ಬೆಳಗಾಗುವ ಮೊದಲು ಮರಳ ದಾರಿಯಲ್ಲಿ ನಡೆದುಹೋಗುತ್ತಾರೆ. ಆ ದಾರಿಯ ದೃಶ್ಯ ಬಂದಾಗ ಈ ಸಭಾಂಗಣದಲ್ಲಿ ಮೂಗು ಒರೆಸಿಕೊಳ್ಳದವರು ಯಾರು? ಆಮೇಲೆ ಕೇಳಿದರೆ, ‘ಕೈಯಲ್ಲಿ ಈರುಳ್ಳಿ ವಾಸನೆ ಇತ್ತು, ಅದಕ್ಕೇ’ ಎನ್ನುತ್ತೀರಿ. ಚಳಿಗಾಲದ ಪ್ರದರ್ಶನದಲ್ಲೂ ಹಾಗೆಯೇ ಹೇಳಿದವರಿದ್ದಾರೆ. ಹೆಸರು ಹೇಳುವುದಿಲ್ಲ, ಅಧ್ಯಕ್ಷರೇ.

ಆದರೆ ಒಂದು ಪ್ರಶ್ನೆ. ನೀವು ಅತ್ತದ್ದು ಯಾವುದನ್ನು ನೋಡಿ? ಒನಾಮಿಯ ಮುಖವನ್ನೇ? ಅದು ಮರದ ಮುಖ. ಹುಬ್ಬು ಏಳುವುದಿಲ್ಲ, ತುಟಿ ಅಲುಗುವುದಿಲ್ಲ, ಕಣ್ಣಲ್ಲಿ ನೀರು ಬರುವುದಿಲ್ಲ. ಕೆತ್ತಿದವನು ಒಂದೇ ಒಂದು ಭಾವ ಕೆತ್ತಿ ಹೋಗಿದ್ದಾನೆ. ಅದು ಸಂತೋಷವೂ ಅಲ್ಲ, ದುಃಖವೂ ಅಲ್ಲ. ಯಾರೋ ಹೆಸರು ಹಿಡಿದು ಕರೆದಂತಾಗಿ, ನನ್ನನ್ನೇ ಕರೆದರೋ ಎಂದು ಕಾಯುವವಳ ಮುಖ. ಹಾಗಾದರೆ ಪ್ರೇಮ ಎಲ್ಲಿಂದ ಬಂತು?

ನಾನು ಈ ತಂಡಕ್ಕೆ ಸೇರಿದಾಗ ಹಿಸಾನೊ ಅಮ್ಮನವರನ್ನು ಇದನ್ನೇ ಕೇಳಿದ್ದೆ. ಆಗ ನಾನು ಕಾಲಿನವಳು. ನಮ್ಮಲ್ಲಿ ಒಂದು ಗೊಂಬೆಗೆ ಮೂವರು: ತಲೆಯವರು ತಲೆಯನ್ನೂ ಬಲಗೈಯನ್ನೂ ಆಡಿಸುತ್ತಾರೆ, ಎಡಗೈಯವರು ಪಕ್ಕದಲ್ಲಿ ನಿಂತು ಉದ್ದನೆಯ ಕೋಲಿನಿಂದ ಎಡಗೈ ಆಡಿಸುತ್ತಾರೆ, ಕಾಲಿನವರು ಬಗ್ಗಿ ಕಾಲು ಆಡಿಸುತ್ತಾರೆ. ಹೆಣ್ಣು ಗೊಂಬೆಗೆ ಕಾಲೇ ಇಲ್ಲ. ಉಡುಪಿನ ಅಂಚನ್ನು ಮುಷ್ಟಿಯಿಂದ ಹಿಡಿದು ಅಲ್ಲಿ ಮೊಣಕಾಲಿದೆ ಎನ್ನಿಸಬೇಕು. ಇಲ್ಲದ ಕಾಲನ್ನು ನಡೆಸಿ ನಡೆಸಿ ನನ್ನ ಸೊಂಟ ಬಿದ್ದುಹೋದ ದಿನಗಳಲ್ಲಿ ಅಮ್ಮನವರ ಹತ್ತಿರ ಹೋಗಿ, ‘ಅಮ್ಮಾ, ಇವಳು ಅವನನ್ನು ಪ್ರೀತಿಸ್ತಾಳೆ ಅಂತ ತೋರ್ಸೋದು ಹೇಗೆ?’ ಎಂದು ಕೇಳಿದೆ. ಅಮ್ಮನವರು ಮೂಲಂಗಿ ಹೆಚ್ಚುತ್ತಿದ್ದರು. ‘ಏನೂ ಮಾಡ್ಬೇಡ ಕಣೇ,’ ಎಂದರು. ‘ಮುಖಕ್ಕೂ ಏನೂ ಮಾಡ್ಬೇಡ, ಕೈಗೂ ಏನೂ ಮಾಡ್ಬೇಡ. ಒಂದು ಚೂರು ತಡ ಮಾಡು, ಅಷ್ಟೆ. ಅವನು ಕೈ ಚಾಚಿದ ತಕ್ಷಣ ಹಿಡ್ಕೊಂಡ್ರೆ ಅದು ಬಸ್ಸಿನ ಕಂಬಿ ಹಿಡ್ಕೊಂಡ ಹಾಗೆ. ಅರ್ಧ ಉಸಿರು ಕಾದು ಹಿಡ್ಕೊ. ಅಲ್ಲಿರೋದೇ ಎಲ್ಲ.’

ಸಭಿಕರೇ, ಪ್ರೇಮದ ಚಿತ್ರಣದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇದೇ. ಅರ್ಧ ಉಸಿರು ತಡ. ಪ್ರಾಧ್ಯಾಪಕರು ಹವಾಮಾನದ ಮಾತಿನ ನಡುವೆಯೇ ಕರ್ತವ್ಯ ಮತ್ತು ಹೃದಯದ ನಡುವಿನ ಸಂಘರ್ಷ ಎಂದು ಬಹಳ ಚೆನ್ನಾಗಿ ಹೇಳಿದರು. ನಾನು ಅಷ್ಟು ದೂರ ಹೋಗಲಾರೆ. ಅವನು ಕೈ ಚಾಚುತ್ತಾನೆ. ಅವಳ ಕೈ ಏಳುತ್ತದೆ, ನಿಲ್ಲುತ್ತದೆ, ಆಮೇಲೆ ಹೋಗಿ ಸೇರುತ್ತದೆ. ಆ ನಿಂತ ಜಾಗದಲ್ಲಿ ಚಹಾಮನೆ, ಹಡಗಿನ ಒಡೆಯ, ಉಪ್ಪು ಕಾಯಿಸುವ ಅಪ್ಪ, ನಾಳೆ ಬೆಳಿಗ್ಗೆ ತಾನು ಇರುವುದಿಲ್ಲ ಎಂಬ ಮಾತು, ಎಲ್ಲವೂ ಇದೆ. ವೇದಿಕೆಯ ಪಕ್ಕದಲ್ಲಿ ಕುಳಿತು ಕಥೆ ಹಾಡುವವರು ಅದನ್ನು ಎಷ್ಟು ಹೊತ್ತು ಹಾಡಿದರೂ ಅಷ್ಟು ಹೇಳಲಾರರು. ಹಾಡುವವರು ಬೇಜಾರು ಮಾಡಿಕೊಳ್ಳಬಾರದು.

ಈಗ ಒಂದು ವಿಷಯವನ್ನು ನೀವು ಗಮನಿಸಿದ್ದೀರೋ ಇಲ್ಲವೋ. ದಾರಿಯ ದೃಶ್ಯದಲ್ಲಿ ಕಿಸಾಬುರೊ ಹಿಡಿಯುವುದು ಒನಾಮಿಯ ಯಾವ ಕೈಯನ್ನು? ಎಡಗೈಯನ್ನು. ಅವನು ಅವಳ ಎಡಕ್ಕೆ ನಡೆಯುತ್ತಾನೆ, ತನ್ನ ಬಲಗೈಯಿಂದ ಅವಳ ಎಡಗೈ ಹಿಡಿಯುತ್ತಾನೆ. ಕಿಸಾಬುರೊನ ಬಲಗೈ ಇವಾಕಿಚಿ ಅವರದು. ಒನಾಮಿಯ ಎಡಗೈ ನನ್ನದು. ಹಿಸಾನೊ ಅಮ್ಮನವರಿಗೆ ಚಪ್ಪಾಳೆ ಬರುತ್ತಿತ್ತು, ಅದು ನ್ಯಾಯವೇ. ಆದರೆ ಕೈ ಹಿಡಿಯುವ ಕೆಲಸ ನನ್ನದಾಗಿತ್ತು.

ಇಂದಿನ ಸನ್ಮಾನಿತರ ಬಗ್ಗೆ ನಾಲ್ಕು ಮಾತು ಆಡುವುದು ನನ್ನ ಕರ್ತವ್ಯ. ಇವಾಕಿಚಿ ಅವರು ಹೆಂಚು ಸುಡುವವರು. ಈ ಸಭಾಂಗಣದ ಮೇಲಿರುವ ಹೆಂಚು ಅವರದೇ. ಮಾತು ಕಡಿಮೆ. ಮದುವೆಯಾಗಲಿಲ್ಲ. ‘ಗೂಡಿಗೆ ಬೆಂಕಿ ಹಾಕಿದ್ದೆ, ಆಮೇಲೆ ಹೆಣ್ಣು ನೋಡೋಣ ಅಂತ ಬಿಟ್ಟೆ’ ಎಂದು ಒಮ್ಮೆ ಯಾರಿಗೋ ಹೇಳಿದ್ದರಂತೆ. ಅಭ್ಯಾಸ ಮುಗಿದ ಮೇಲೆ ಅವರು ನನಗೆ ಆಡುತ್ತಿದ್ದ ಮಾತು ಒಂದೇ: ‘ಇವತ್ತಿಗೆ ಸಾಕಾಯ್ತು.’ ಚೆನ್ನಾಗಿ ಆದರೂ ಅದೇ, ಕೆಟ್ಟರೂ ಅದೇ. ಯಾವ ‘ಸಾಕು’ ಯಾವುದು ಎಂದು ನಾನೇ ತಿಳಿದುಕೊಳ್ಳಬೇಕಾಗಿತ್ತು.

ಆದರೆ ಮಾತಾಡದವರ ವಿಷಯ ಗೊತ್ತಾಗುವುದಿಲ್ಲ ಎಂದು ಯಾರು ಹೇಳಿದರು? ಅವರ ಬಲ ಭುಜ ಚಳಿ ತಡೆಯುವುದಿಲ್ಲ. ಮಳೆ ಬರುವ ಹಿಂದಿನ ದಿನ ಕಿಸಾಬುರೊನ ಕೈ ಸ್ವಲ್ಪ ಕೆಳಗೆ ಬರುತ್ತದೆ, ನಾನು ಒನಾಮಿಯ ಕೈಯನ್ನು ಅಷ್ಟೇ ಇಳಿಸಿಕೊಳ್ಳುತ್ತೇನೆ. ಅವರ ತಾಯಿ ತೀರಿಕೊಂಡ ವಾರ ಹಿಡಿತ ಬಿಗಿಯಾಗಿತ್ತು. ಹೆಂಚು ಚೆನ್ನಾಗಿ ಸುಟ್ಟುಬಂದ ದಿನ ಹಗುರ. ಹಲ್ಲು ಕೀಳಿಸಿಕೊಂಡು ಬಂದ ದಿನ ಬೆರಳುಗಳಲ್ಲಿ ಸಿಟ್ಟಿತ್ತು. ಮರದ ಬೆರಳುಗಳಲ್ಲಿ, ಅಂದರೆ. ನಮ್ಮಿಬ್ಬರ ನಡುವೆ ಎರಡು ಮರದ ಕೈ, ಒಂದು ಕೋಲು, ಒಂದಿಷ್ಟು ದಾರ ಇರುತ್ತವೆ. ನಿಜವಾದ ಕೈಯನ್ನು ನಾನು ಮುಟ್ಟಿಲ್ಲ. ಹೊಸವರ್ಷಕ್ಕೆ ಬಗ್ಗಿ ನಮಸ್ಕರಿಸುತ್ತೇವೆ, ಅಷ್ಟೆ. ಇದನ್ನೆಲ್ಲ ಕಲೆಯ ದೃಷ್ಟಿಯಿಂದ ಹೇಳುತ್ತಿದ್ದೇನೆ. ನಗಬೇಡಿ. ಹಿಂದಿನ ಸಾಲಿನವರು ಮುಂದಿನವರ ಬೆನ್ನು ತಟ್ಟಬೇಡಿ.

ಈಗ ನೋಟದ ವಿಷಯ. ಇವತ್ತು ಪ್ರಾಧ್ಯಾಪಕರೂ ಅದನ್ನೇ ಕೊಂಡಾಡಿದರು.

ನಮ್ಮ ನಾಟಕವನ್ನು ಬೇರೆ ಕಡೆಯೂ ಆಡುತ್ತಾರೆ. ಆದರೆ ದಾರಿಯ ದೃಶ್ಯದಲ್ಲಿ, ಕೈ ಹಿಡಿದ ಮೇಲೆ, ಕಿಸಾಬುರೊ ತಲೆ ತಿರುಗಿಸಿ ಒನಾಮಿಯನ್ನು ನೋಡದೆ, ಅವಳ ಹೆಗಲಿನ ಆಚೆ, ಸ್ವಲ್ಪ ಮೇಲಕ್ಕೆ ನೋಡುವುದು ನಮ್ಮ ಊರಿನ ಆಟದಲ್ಲಿ ಮಾತ್ರ. ಪ್ರಾಧ್ಯಾಪಕರ ಗುರುಗಳು ಇದಕ್ಕೆ ‘ಕಡಲ ನೋಟ’ ಎಂದು ಹೆಸರಿಟ್ಟರು. ಸಾಯುವ ಮೊದಲು ಮನುಷ್ಯ ಪ್ರಿಯಳನ್ನೂ ಮೀರಿ ಅನಂತವನ್ನು ನೋಡುತ್ತಾನೆ ಎಂದು ಪತ್ರಿಕೆಯಲ್ಲಿ ಬರೆದರು. ಅಂದಿನಿಂದ ಹೊಸಬರಿಗೆ ಹಾಗೆಯೇ ಕಲಿಸುತ್ತೇವೆ. ‘ಇಲ್ಲಿ ಕಡಲ ಕಡೆ ನೋಡು’ ಎನ್ನುತ್ತೇವೆ. ಶಾಲೆಯ ಮಕ್ಕಳು ಕೂಡ ಬೆಂಡಿನ ಗೊಂಬೆ ಮಾಡಿ ಹಾಗೆ ತಲೆ ತಿರುಗಿಸುತ್ತಾರೆ.

ಅದು ಮೊದಲ ಸಲ ಆದದ್ದು ಒಂದು ವಸಂತದ ಪ್ರದರ್ಶನದಲ್ಲಿ. ಹೊರಗೆ ಮಂಜು. ದೀಪಗಳ ಸುತ್ತಲೂ ಹೊಗೆಯಂತೆ ತೇವ ಕೂತಿತ್ತು, ನೀವು ಯಾರೂ ನಮಗೆ ಕಾಣುತ್ತಿರಲಿಲ್ಲ, ತಂತಿವಾದ್ಯದ ಸದ್ದು ಎಲ್ಲೋ ನೀರಿನೊಳಗಿಂದ ಬಂದಂತೆ ಇತ್ತು. ಕಿಸಾಬುರೊ ಕೈ ಚಾಚಿದ. ನಾನು ಅರ್ಧ ಉಸಿರು ಕಾದೆ. ಕೈ ಕೊಟ್ಟೆ. ಈಗ ಅವನು ತಿರುಗಿ ಒನಾಮಿಯ ಮುಖ ನೋಡಬೇಕು. ಅವನು ತಿರುಗಿದ. ಒನಾಮಿಯ ಮುಖದ ಹತ್ತಿರ ನಿಲ್ಲಲಿಲ್ಲ. ತಲೆ ಇನ್ನೂ ಸ್ವಲ್ಪ ಮೇಲೆದ್ದಿತು, ಅವಳ ಹೆಗಲು ದಾಟಿತು, ನನ್ನ ಮುಸುಕಿನ ಎದುರು ಬಂದು ನಿಂತಿತು.

ಗೊಂಬೆ ಎಂದೂ ಆಡಿಸುವವರನ್ನು ನೋಡಬಾರದು. ಇದು ನಮ್ಮ ಕೆಲಸದ ಮೊದಲ ಪಾಠ. ನಾವು ಅಲ್ಲಿಲ್ಲ. ಕಪ್ಪು ಬಟ್ಟೆ ಹಾಕಿಕೊಂಡವರು ಇಲ್ಲ ಎಂದು ಸಭಿಕರು ಒಪ್ಪಿಕೊಂಡಿದ್ದಾರೆ, ಗೊಂಬೆಗಳೂ ಒಪ್ಪಿಕೊಂಡಿವೆ. ಅಂಥದ್ದರಲ್ಲಿ ಕಿಸಾಬುರೊ ನನ್ನನ್ನು ನೋಡಿದ. ನಾನು ಕೋಲಿನ ದಾರವನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಒನಾಮಿಯ ಬೆರಳುಗಳು ಮಡಚಿಕೊಂಡವು. ನೀವು ಅದನ್ನೂ ನಟನೆ ಎಂದುಕೊಂಡಿರಿ. ಅಷ್ಟು ಹೊತ್ತಿನಲ್ಲಿ ಅವರ ಮುಖವನ್ನು ನಾನೂ ನೋಡಿದೆ, ತಲೆಯವರಿಗೆ ಮುಸುಕಿಲ್ಲವಲ್ಲ. ಇವಾಕಿಚಿ ಅವರ ಮುಖ ಎಂದಿನಂತೆಯೇ ಇತ್ತು. ಹೆಂಚಿನ ಗೂಡಿಗೆ ಇನ್ನೆಷ್ಟು ಸೌದೆ ಬೇಕು ಎಂದು ಲೆಕ್ಕ ಹಾಕುವ ಮುಖ.

ಆಟ ಮುಗಿದ ಮೇಲೆ ಹಿಸಾನೊ ಅಮ್ಮನವರು ಸುಮ್ಮನಿರುವವರೇ? ಗೊಂಬೆಯನ್ನು ಪೆಟ್ಟಿಗೆಯಲ್ಲಿ ಇಡುವ ಮೊದಲೇ ಶುರು ಮಾಡಿದರು. ‘ಎಲ್ಲಿ ನೋಡ್ತಿದ್ಯೋ ಇವಾಕಿಚಿ? ನನ್ನ ಒನಾಮಿ ಅಲ್ಲಿ ಕತ್ತು ನೋಯಿಸ್ಕೊಂಡು ಕಾಯ್ತಿದ್ದಾಳೆ, ನೀನು ಆಕಾಶ ನೋಡ್ತಿದ್ದೀಯಾ?’

‘ಮರ್ತೋಯ್ತು,’ ಎಂದರು ಇವಾಕಿಚಿ ಅವರು.

‘ಎಷ್ಟು ವರ್ಷದಿಂದ ಆಡಿಸ್ತಿದ್ದೀಯ? ಮರ್ಯೋಕೆ ಅದೇನು ಛತ್ರಿನಾ?’

‘ಮರ್ತೋಯ್ತಮ್ಮಾ.’

ಆಮೇಲೆ ನನ್ನ ಕಡೆ ತಿರುಗಿ, ‘ಇವತ್ತಿಗೆ ಸಾಕಾಯ್ತು’ ಎಂದರು. ಮುಂದಿನ ಪ್ರದರ್ಶನದಲ್ಲಿ ಮತ್ತೆ ಮರೆತರು. ಅದರ ಮುಂದಿನದರಲ್ಲೂ. ಅಷ್ಟರಲ್ಲಿ ಒಸಾಕಾದ ಪತ್ರಿಕೆ ಬಂತು, ಮರೆವಿಗೆ ಹೆಸರು ಬಂತು, ಅಮ್ಮನವರು ಬೈಯುವುದನ್ನು ಬಿಟ್ಟರು. ಇಂದಿನವರೆಗೂ ಪ್ರತಿ ಆಟದಲ್ಲೂ ಕಿಸಾಬುರೊ ಅತ್ತಲೇ ನೋಡುತ್ತಾನೆ. ಪ್ರತಿ ಆಟದಲ್ಲೂ ನಾನು ಅಲ್ಲೇ ನಿಂತಿರುತ್ತೇನೆ.

ನಾನು ಕೇಳಲಿಲ್ಲ. ನೀವು ಕೇಳಬಹುದು, ‘ಮಿನೆಕೊ, ಕೇಳೋಕೇನಾಗಿತ್ತು?’ ಎಂದು. ಕೇಳಿದ್ದರೆ ಅವರು ‘ಕಡಲು’ ಎಂದುಬಿಡುತ್ತಿದ್ದರೇನೋ. ಅಥವಾ ‘ಕಡಲಲ್ಲ’ ಎಂದುಬಿಡುತ್ತಿದ್ದರೇನೋ. ಎರಡರಲ್ಲಿ ಯಾವುದನ್ನು ತೆಗೆದುಕೊಂಡು ಮನೆಗೆ ಹೋಗಲಿ? ನನಗೆ ಮನೆಯಿತ್ತು. ಮನೆಯಲ್ಲಿ ಯಸುಹೇ ಇದ್ದರು.

ಯಸುಹೇ ನಿಮಗೆಲ್ಲ ಗೊತ್ತು. ನನ್ನ ಗಂಡ. ಈರುಳ್ಳಿ ಬೆಳೆಯುತ್ತಿದ್ದರು, ಜೋರಾಗಿ ಸೀನುತ್ತಿದ್ದರು, ಮದುವೆ ಮನೆಗಳಲ್ಲಿ ಹಾಡಬೇಡಿ ಎಂದರೂ ಹಾಡುತ್ತಿದ್ದರು. ಪ್ರತಿ ಪ್ರದರ್ಶನಕ್ಕೂ ಬರುತ್ತಿದ್ದರು, ಅಗೋ ಆ ಕಂಬದ ಪಕ್ಕದಲ್ಲಿ ಕೂರುತ್ತಿದ್ದರು. ‘ಎಲ್ಲರೂ ಗೊಂಬೆ ನೋಡೋಕೆ ಬರ್ತಾರೆ, ನಾನು ಕಪ್ಪು ಬಟ್ಟೆ ನೋಡೋಕೆ ಬರ್ತೀನಿ’ ಎಂದು ಪಕ್ಕದವರಿಗೆ ಹೇಳಿ ನಗಿಸುತ್ತಿದ್ದರಂತೆ. ಆಟ ಮುಗಿದ ಮೇಲೆ ಅನ್ನದ ಉಂಡೆ, ಒಣಮೀನು ಕಟ್ಟಿಕೊಂಡು ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ‘ಎಡಗೈಗೆ ಬಹಳ ದುಡಿತ ಆಯ್ತು, ಬಲಗೈಯಲ್ಲಿ ತಿನ್ನು’ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾವಿಬ್ಬರೂ ಕೊಟ್ಟಿಗೆಯಲ್ಲಿ ಕುಳಿತು ಈರುಳ್ಳಿ ಗೊಂಚಲು ಕಟ್ಟುತ್ತಿದ್ದೆವು. ಆ ಪತ್ರಿಕೆಯ ಬರಹವನ್ನು ಅಂದು ಯಾರೋ ಓದಿ ಹೇಳಿದ್ದರು. ಯಸುಹೇ ಗೊಂಚಲು ಕಟ್ಟುತ್ತ, ನನ್ನನ್ನು ನೋಡದೆ, ‘ಅವನು ಸಮುದ್ರ ನೋಡ್ತಾನೆ ಅಂತಾರಲ್ಲ ಪಂಡಿತರು’ ಎಂದರು.

‘ಹೂಂ.’

‘ಪರದೆ ಮೇಲೆ ಸಮುದ್ರ ಬರ್ದಿರೋದು ಅವನ ಬೆನ್ನ ಹಿಂದೆ ಕಣೇ.’

ನನ್ನ ಕೈಯಲ್ಲಿದ್ದ ದಾರ ಗಂಟಾಯಿತು. ಮುಖ್ಯ ಅತಿಥಿಗಳೇ, ಕ್ಷಮಿಸಿ. ಬೇಕಾದರೆ ಆಮೇಲೆ ಪರದೆ ಬಿಚ್ಚಿ ತೋರಿಸುತ್ತೇನೆ. ಸಮುದ್ರ ನಿಜಕ್ಕೂ ಅವನ ಬೆನ್ನ ಕಡೆಯೇ ಇದೆ. ಅಷ್ಟು ಓದಿದವರಿಗೆ ಕಾಣದ್ದು ಕಂಬದ ಪಕ್ಕ ಕುಳಿತವರಿಗೆ ಕಂಡಿತ್ತು.

ಯಸುಹೇ ನನ್ನ ಕೈಯಿಂದ ಗಂಟಾದ ದಾರ ತೆಗೆದುಕೊಂಡು ಬಿಡಿಸಿದರು. ‘ಹೋಗ್ಲಿ ಬಿಡು,’ ಎಂದರು. ‘ನೋಡೋದಕ್ಕೆ ಯಾರು ಬೇಡ ಅಂತಾರೆ? ನಾನೂ ಅದನ್ನೇ ನೋಡೋಕೆ ತಾನೇ ಹೋಗೋದು?’ ಮತ್ತೆ ಆ ಮಾತು ಎತ್ತಲಿಲ್ಲ. ಮುಂದಿನ ಪ್ರದರ್ಶನಕ್ಕೆ ಬರುವುದಿಲ್ಲವೇನೋ ಎಂದು ಹೆದರಿದ್ದೆ. ಬಂದರು. ಅದೇ ಕಂಬದ ಪಕ್ಕ ಕುಳಿತರು. ಹಿಂಬಾಗಿಲಿಗೆ ಅನ್ನದ ಉಂಡೆ ತಂದರು. ಆ ದಿನ ಇವಾಕಿಚಿ ಅವರಿಗೂ ಒಂದು ತಂದಿದ್ದರು. ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕುಳಿತು ತಿಂದರು.

ನಮ್ಮ ನಾಟಕದಲ್ಲಿ ಕಿಸಾಬುರೊನ ಹೆಂಡತಿ ಒಟಾಕಿಗೆ ಇರುವುದು ಒಂದೇ ದೃಶ್ಯ. ಅವಳು ಹೊಲಿಯುತ್ತ ಕುಳಿತಿರುತ್ತಾಳೆ. ಗಂಡ ಹೊರಗೆ ಹೋಗುತ್ತಾನೆ. ‘ಚಳಿ ಇದೆ, ಮೇಲಂಗಿ ಹಾಕ್ಕೊಳಿ’ ಎನ್ನುತ್ತಾಳೆ. ಅಷ್ಟೆ. ಎಲ್ಲ ತಿಳಿದೇ ಹೇಳಿದಳೋ, ತಿಳಿಯದೆ ಹೇಳಿದಳೋ, ನಾಟಕ ಬರೆದವರು ಬಿಡಿಸಿ ಹೇಳಿಲ್ಲ. ಚಿಕ್ಕವಳಾಗಿದ್ದಾಗ ಆ ದೃಶ್ಯ ಬೇಗ ಮುಗಿಯಲಿ ಎಂದು ಕಾಯುತ್ತಿದ್ದೆ. ದಾರಿಯ ದೃಶ್ಯ ಬರಬೇಕಲ್ಲ. ಈಗ ಆ ಒಂದು ಮಾತು ಬಂದಾಗ ನನ್ನಿಂದ ತಡೆಯಲಾಗುವುದಿಲ್ಲ. ಪ್ರೇಮದ ಚಿತ್ರಣ ಎಂದಿರಲ್ಲ, ಸಮಿತಿಯವರೇ? ಕೈ ಹಿಡಿದು ಸಾಯಲು ಹೊರಟವರಿಗೆ ನಾಟಕ ಒಂದು ಅಂಕವನ್ನೇ ಕೊಟ್ಟಿದೆ, ಸಂಗೀತ ಕೊಟ್ಟಿದೆ, ಚಂದ್ರನನ್ನು ಕೊಟ್ಟಿದೆ. ಮೇಲಂಗಿ ಹಾಕಿಕೊಳ್ಳಿ ಎಂದವಳಿಗೆ ಒಂದು ಸೂಜಿ ಕೊಟ್ಟು ಕೂರಿಸಿದೆ. ಅದು ಪ್ರೇಮವಲ್ಲವೇ? ನನಗೆ ಸಿಕ್ಕಿದ್ದು ಅದೇ. ನಾನು ಉಂಡದ್ದು ಅದನ್ನೇ. ಯಸುಹೇ ಅವರನ್ನು ನಾನು ಪ್ರೀತಿಸಿದೆ ಎಂದು ಅವರು ಇದ್ದಾಗ ಒಮ್ಮೆಯೂ ಹೇಳಲಿಲ್ಲ. ಈಗ ಈ ಧ್ವನಿವರ್ಧಕದಲ್ಲಿ ಹೇಳುತ್ತಿದ್ದೇನೆ. ಪ್ರೀತಿಸಿದೆ. ಅವರು ಹೋದ ಮೇಲೆ ಆ ಕಂಬದ ಪಕ್ಕದ ಜಾಗದಲ್ಲಿ ನೀವು ಯಾರೂ ಕೂರುವುದಿಲ್ಲ. ಅದು ನನಗೆ ಗೊತ್ತಿದೆ. ಅದಕ್ಕೆ ನಿಮಗೆ ನಾನು ಋಣಿ.

ಎರಡು ಪ್ರೀತಿ ಒಂದೇ ಎದೆಯಲ್ಲಿ ಇರಬಹುದೇ ಎಂದು ನಾಟಕವನ್ನು ಕೇಳಿದರೆ, ಇರಬಾರದು, ಇದ್ದರೆ ಸಾಯಬೇಕು ಎನ್ನುತ್ತದೆ. ನಾಟಕಕ್ಕೆ ಅವಸರ. ಒಂದೇ ಸಂಜೆಯೊಳಗೆ ಮುಗಿಸಬೇಕು. ನಮಗೇನು ಅವಸರವಿತ್ತು? ಬೆಳಿಗ್ಗೆ ಗದ್ದೆಗೆ ಹೋಗಬೇಕಾಗಿತ್ತು. ನಾವು ಯಾರೂ ಅದಕ್ಕಾಗಿ ಸಾಯಲಿಲ್ಲ, ಸುಮ್ಮನೆ ವಯಸ್ಸಾಯಿತು.

ಅಧ್ಯಕ್ಷರೇ, ಈಗ ನಿಮ್ಮ ಮಾತಿಗೆ ಬರುತ್ತೇನೆ.

ಒನಾಮಿಯ ತಲೆ ಹಿಡಿಯಲು ನನಗೆ ಆಸೆ ಇಲ್ಲವೇ? ಇದೆ. ಮೊದಲ ದಿನದಿಂದ ಇದೆ. ಹಿಸಾನೊ ಅಮ್ಮನವರು ಹೊರಗೆ ಹೋದಾಗ ಕದ್ದು ಹಿಡಿದು ನೋಡಿದ್ದೇನೆ. ಅಮ್ಮಾ, ಹುಬ್ಬು ಗಂಟಿಕ್ಕಬೇಡಿ, ಬೂಷ್ಟು ಒರೆಸುವ ನೆಪದಲ್ಲಿ. ನಿನ್ನೆ ರಾತ್ರಿ ಒಪ್ಪಿಗೆಯ ಭಾಷಣವನ್ನೇ ಬಾಯಿಪಾಠ ಮಾಡಿದೆ. ಇವತ್ತು ಇಲ್ಲಿ ನಿಂತು, ಇಷ್ಟು ಮಾತಾಡಿದ ಮೇಲೆ, ಅದು ನನ್ನ ಬಾಯಿಗೆ ಬರುತ್ತಿಲ್ಲ.

ಯೋಚನೆ ಮಾಡಿ. ತಲೆ ಹಿಡಿದರೆ ನಾನು ಒನಾಮಿಯ ಬೆನ್ನ ಹಿಂದೆ ಹೋಗುತ್ತೇನೆ. ಎಡಗಡೆ ಕಝುಯೊ ನಿಲ್ಲುತ್ತಾಳೆ. ಕಿಸಾಬುರೊ ಕೊನೆಯ ಸಲ ಕೈ ಚಾಚುತ್ತಾನೆ, ಕಝುಯೊ ಕೈ ಕೊಡುತ್ತಾಳೆ. ಅವನು ತಿರುಗುತ್ತಾನೆ, ಹೆಗಲಿನ ಆಚೆ ನೋಡುತ್ತಾನೆ. ಅಲ್ಲಿ ನಾನಿರುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುವಾಗ ನಾನು ರೇಷ್ಮೆ ಉಟ್ಟುಕೊಂಡು, ನನ್ನ ಜಾಗ ಬಿಟ್ಟು ನಿಂತಿರುತ್ತೇನೆ. ಅಷ್ಟು ದೊಡ್ಡ ಗೌರವವನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಕಝುಯೊ, ನಿನ್ನ ಕೈ ನನ್ನದಕ್ಕಿಂತ ಹಗುರ, ಕತ್ತು ತಿರುಗಿಸುವುದು ನಿನಗೆ ಅಮ್ಮನವರಂತೆಯೇ ಬರುತ್ತದೆ. ಇಂದು ಸಂಜೆ ತಲೆ ನೀನು ಹಿಡಿ. ಬಾಯಿ ಮುಚ್ಚು, ನೊಣ ಹೋಗುತ್ತದೆ. ಎಡಗೈ ನನ್ನದೇ ಇರಲಿ.

ಇದು ನನ್ನ ಉತ್ತರದ ಅರ್ಧ. ಇನ್ನರ್ಧ ಒಂದು ಕೋರಿಕೆ.

ಎಡಗೈಯವರು ಮುಸುಕಿಲ್ಲದೆ ವೇದಿಕೆಗೆ ಬಂದ ಉದಾಹರಣೆ ನಮ್ಮ ತಂಡದಲ್ಲಿ ಇಲ್ಲ. ಬರಬಾರದು, ಅದು ಸರಿಯೇ. ಎಲ್ಲರೂ ಮುಖ ತೋರಿಸಿದರೆ ಗೊಂಬೆಯನ್ನು ಯಾರು ನೋಡುತ್ತಾರೆ? ಆದರೂ ಇಂದು ಒಂದು ಸಂಜೆ, ದಾರಿಯ ದೃಶ್ಯಕ್ಕೆ ಮಾತ್ರ, ನಾನು ಮುಸುಕು ಹಾಕಿಕೊಳ್ಳದೆ ಎಡಗಡೆ ನಿಲ್ಲಲು ಅನುಮತಿ ಕೊಡಬೇಕು. ಯಾಕೆ ಎಂದು ಕೇಳಬೇಡಿ ಎನ್ನುವುದಕ್ಕೆ ಈಗ ತಡವಾಯಿತು. ಹೇಳಿಬಿಟ್ಟಿದ್ದೇನೆ. ಸನ್ಮಾನದ ಭಾಷಣ ಮಾಡಲು ಬಂದವಳು ಇದನ್ನೆಲ್ಲ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

ಇವಾಕಿಚಿ ಅವರೇ, ನೆಲ ನೋಡಿದ್ದು ಸಾಕು. ನಿಮ್ಮನ್ನು ಕೇಳುತ್ತಿಲ್ಲ. ಇಷ್ಟು ವರ್ಷ ಕೇಳದ್ದನ್ನು ಊರಿನ ಎದುರು ಕೇಳಿ ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುವವಳಲ್ಲ. ನೀವು ನೋಡುತ್ತಿದ್ದದ್ದು ಕಡಲನ್ನೇ ಆಗಿದ್ದರೆ ಇಂದೂ ಕಡಲನ್ನೇ ನೋಡಿ, ನನ್ನ ಮುಖದ ಆಚೆ ಎಲ್ಲಾದರೂ ಇದ್ದರೆ. ಮರೆತದ್ದೇ ಆಗಿದ್ದರೆ ಇಂದೂ ಮರೆತುಬಿಡಿ. ಆದರೆ ನೀವು ಅಷ್ಟು ವರ್ಷ ಒಂದು ಕಪ್ಪು ಬಟ್ಟೆಯನ್ನು ನೋಡಿದಿರಿ. ಒಳಗೆ ನಾನೂ ನಿಮ್ಮನ್ನೇ ನೋಡುತ್ತಿದ್ದೆ ಎಂಬುದು ನಿಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅದು ನ್ಯಾಯವಲ್ಲ. ಇಂದು ಕೊನೆಯ ಆಟ. ನೀವು ನೋಡುವಾಗ ಒಂದು ಮುಖ ಇರಲಿ. ಸುಕ್ಕುಗಟ್ಟಿದ ಮುಖ, ಬಿಸಿಲಿಗೆ ಕಪ್ಪಾದ ಮುಖ, ಆದರೂ ನಿಮ್ಮನ್ನು ನೋಡಿ ಸಂತೋಷಪಡುವ ಮುಖ.

ಅಧ್ಯಕ್ಷರು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ಇದನ್ನು ನಾನು ಒಪ್ಪಿಗೆ ಎಂದು ತಿಳಿಯುತ್ತೇನೆ. ಹಿಸಾನೊ ಅಮ್ಮನವರು ಏನೋ ಹೇಳುತ್ತಿದ್ದಾರೆ, ನನಗೆ ಇಲ್ಲಿಗೆ ಕೇಳಿಸುತ್ತಿಲ್ಲ, ಬೈಗುಳವೇ ಇರಬೇಕು, ಅದನ್ನು ಆಶೀರ್ವಾದ ಎಂದು ತಿಳಿಯುತ್ತೇನೆ.

ವಿಷಯ ಕೊಟ್ಟ ಸಮಿತಿಗೆ, ತಾಳ್ಮೆಯಿಂದ ಕೇಳಿದ ಮುಖ್ಯ ಅತಿಥಿಗಳಿಗೆ, ನಗಬಾರದ ಕಡೆ ನಕ್ಕು, ಅಳಬಾರದ ಕಡೆ ಅತ್ತ ನಿಮಗೆಲ್ಲರಿಗೂ ನನ್ನ ವಂದನೆಗಳು. ಹೊರಗೆ ಬಾರ್ಲಿ ಚಹಾ ಸಿದ್ಧವಾಗಿದೆ, ಎಲ್ಲರೂ ಕುಡಿಯಿರಿ. ನಾನು ಕುಡಿಯಲು ಬರುವುದಿಲ್ಲ. ಆಟ ಶುರುವಾಗುವುದರೊಳಗೆ ಮುಖ ತೊಳೆದುಕೊಂಡು, ತಲೆ ಬಾಚಿಕೊಳ್ಳಬೇಕು.

ನಮಸ್ಕಾರ.